ಗಾಡಿ ಮಾತು: ಹಾಕಿಸಿದ್ದು ಬೈಕಿಗೆ, ಹೇಳಬೇಕಾದ್ದು ವಿಮೆಯವರಿಗೆ

ಹೋದ ಸಂಚಿಕೆಯಲ್ಲಿ ವಿಮೆ ನವೀಕರಣದ ಬಗ್ಗೆ ಬರೆಯುವಾಗ, "ಬೈಕಿಗೆ ಹೊಸದಾಗಿ ಏನಾದರೂ ಹಾಕಿಸಿದ್ದರೆ ಕಂಪನಿಗೆ ತಿಳಿಸಿ" ಎಂದು ನಡುವೆ ಒಂದು ಸಾಲು ಸೇರಿಸಿದ್ದೆ. ಪತ್ರಗಳೆಲ್ಲ ಬಂದದ್ದು ಆ ಒಂದು ಸಾಲಿಗೇ. ಅದರಲ್ಲೂ ಅರ್ಧಕ್ಕರ್ಧ ಪತ್ರಗಳಲ್ಲಿ "ಹೇಳದಿದ್ದರೆ ಏನಾಗುತ್ತದೆ?" ಎಂಬ ಪ್ರಶ್ನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ಒಂದು ಮಾತು: ನಾನು ವಿಮಾ ಸರ್ವೇಯರ್ ಆಗಿದ್ದವನು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಗ್ಯಾರೇಜುಗಳಲ್ಲಿ ಜಖಂ ಆದ ಗಾಡಿ ನೋಡಿ ವರದಿ ಬರೆದೇ ಸಂಸಾರ ನಡೆಸಿದ್ದು. ಈಗ ಕುಮಟಾದಲ್ಲಿ ಮನೆಯಲ್ಲಿದ್ದೇನೆ. ಯಾವ ಕಂಪನಿಯ ಹಂಗೂ ಇಲ್ಲ.

ಪ್ರಶ್ನೆ: ನನ್ನದು ಹಿಮಾಲಯನ್ ಬೈಕು, ಒಂದೂವರೆ ವರ್ಷ ಹಳೆಯದು. ಕ್ರ್ಯಾಶ್ ಗಾರ್ಡ್, ಹಿಂದೆ ಎರಡು ಬಾಕ್ಸ್, ಮುಂದೆ ಎರಡು ಎಕ್ಸ್‌ಟ್ರಾ ಲೈಟ್ ಹಾಕಿಸಿದ್ದೇನೆ. ಲೈಟಿಗೆ 12 ಸಾವಿರ, ಉಳಿದದ್ದಕ್ಕೆ 28 ಸಾವಿರ ಆಯಿತು. ಕೆಲವನ್ನು ಶೋರೂಮಿನಲ್ಲೇ ಹಾಕಿಸಿದ್ದು. ದೇವಿಮನೆ ಘಟ್ಟದಲ್ಲಿ ಮಳೆಗಾಲದ ಮಂಜಿಗೆ ಲೈಟ್ ಬೇಕೇ ಬೇಕು. ಗೆಳೆಯರು "ಸುಮ್ನಿರು, ಹೇಳಿದ್ರೆ ಪ್ರೀಮಿಯಂ ಜಾಸ್ತಿ ಮಾಡ್ತಾರೆ" ಅಂತಾರೆ. — ಶಿರಸಿಯ ಓದುಗ

ಎಷ್ಟು ಜಾಸ್ತಿ ಮಾಡ್ತಾರೆ ಅಂತ ಗೆಳೆಯರು ಹೇಳಿದರಾ? ಹೇಳಿರಲಿಕ್ಕಿಲ್ಲ. ಲೆಕ್ಕ ಹಾಕೋಣ.

ಪಾಲಿಸಿಯ ಮೊದಲ ಪುಟದಲ್ಲಿ ಐಡಿವಿ ಎಂದು ಒಂದು ಮೊತ್ತ ಇರುತ್ತದೆ. ಅಂದರೆ ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಬೆಲೆ. ಅದನ್ನು ಲೆಕ್ಕ ಹಾಕುವುದು ತಯಾರಕರು ಆ ಮಾಡೆಲ್‌ಗೆ ಪ್ರಕಟಿಸಿದ ಬೆಲೆಯಿಂದ. ಒಂದು ವರ್ಷ ದಾಟಿ ಎರಡರೊಳಗಿನ ಗಾಡಿಗೆ ಅದರಲ್ಲಿ ನೂರಕ್ಕೆ 20 ಕಡಿಮೆ. ಎರಡು ದಾಟಿದರೆ 30. ನಿಮ್ಮ 40 ಸಾವಿರದ ಮಾಲು ಆ ಪ್ರಕಟಿತ ಬೆಲೆಯಲ್ಲಿ ಇಲ್ಲವೇ ಇಲ್ಲ. ಅದಕ್ಕೆಂದೇ ಐಡಿವಿಯ ಪಕ್ಕದಲ್ಲಿ ಎಲೆಕ್ಟ್ರಿಕಲ್ ಅಕ್ಸೆಸರಿ, ನಾನ್ ಎಲೆಕ್ಟ್ರಿಕಲ್ ಅಕ್ಸೆಸರಿ ಎಂದು ಬೇರೆ ಕಾಲಂಗಳಿವೆ. ನಿಮ್ಮ ಪಾಲಿಸಿ ತೆಗೆದು ನೋಡಿ. ಎರಡರಲ್ಲೂ ಸೊನ್ನೆ ಇರುತ್ತದೆ.

ಇನ್ನು ದರ. ಹಳೆಯ ಮೋಟಾರ್ ಟಾರಿಫ್, ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಇದ್ದ ವಿಮಾ ದರಪಟ್ಟಿಯ ಪ್ರಕಾರ ಎಲೆಕ್ಟ್ರಿಕಲ್ ವಸ್ತುಗಳಿಗೆ ಅವುಗಳ ಬೆಲೆಯ ನೂರಕ್ಕೆ 4. ನಿಮ್ಮ ಲೈಟಿಗೆ 480 ರೂಪಾಯಿ. ಗಾರ್ಡ್, ಬಾಕ್ಸುಗಳಿಗೆ ಗಾಡಿಯದ್ದೇ ದರ, ನೂರಕ್ಕೆ ಎರಡು ರೂಪಾಯಿಯ ಒಳಗೆ. ಅಂದರೆ 560 ದಾಟುವುದಿಲ್ಲ. ಈಗ ಕಂಪನಿಗಳು ತಮ್ಮ ತಮ್ಮ ರಿಯಾಯಿತಿ ಕೊಡುವುದರಿಂದ ಇನ್ನೂ ಇಳಿಯಬಹುದು. ಜಿಎಸ್‌ಟಿ ಬೇರೆ. ಎಲ್ಲ ಸೇರಿ ವರ್ಷಕ್ಕೆ ಸಾವಿರದ ಆಸುಪಾಸು. ನಿಮ್ಮ ಗೆಳೆಯರು ಉಳಿಸಿಕೊಟ್ಟದ್ದು ಇಷ್ಟನ್ನೇ.

"ಶೋರೂಮಿನಲ್ಲೇ ಹಾಕಿಸಿದ್ದು, ಕಂಪನಿ ಮಾಲೇ, ಹಾಗಾಗಿ ಪಾಲಿಸಿಯಲ್ಲಿ ಸೇರಿರುತ್ತದೆ" ಎಂದು ತುಂಬ ಜನ ನಂಬಿದ್ದಾರೆ. ಸೇರಿರುವುದಿಲ್ಲ. ಶೋರೂಮಿನವರು ಸಾಮಾನ್ಯವಾಗಿ ವಿಮೆ ಮಾಡಿಸುವುದು ಬೈಕಿನ ಬೆಲೆಗೆ ಮಾತ್ರ, ಅಕ್ಸೆಸರಿಯದ್ದು ಬೇರೆ ಬಿಲ್ಲು. ಆ ಬಿಲ್ಲನ್ನು ಹುಡುಕಿ ಇಟ್ಟುಕೊಳ್ಳಿ.

ಹೇಳದಿದ್ದರೆ ಏನಾಗುತ್ತದೆ? ಗಾಡಿ ಬಿತ್ತು, ಸರ್ವೇಯರ್ ಬಂದ ಎಂದುಕೊಳ್ಳಿ. ಚಾಸಿ ನಂಬರ್ ನೋಡುತ್ತಾನೆ, ಆರ್‌ಸಿಗೆ ಹೋಲಿಸುತ್ತಾನೆ, ಫೋಟೋ ತೆಗೆಯುತ್ತಾನೆ. ಹೊರಗಿನಿಂದ ಹಾಕಿಸಿದ್ದು ಯಾವುದು ಎಂದು ಅವನಿಗೆ ಹೇಳಿಕೊಡಬೇಕಾಗಿಲ್ಲ. ಬೈಕಿನ ಟ್ಯಾಂಕು, ಫೋರ್ಕು, ಹೆಡ್‌ಲೈಟಿಗೆ ಲೆಕ್ಕ ಬರೆಯುತ್ತಾನೆ, ಗಾರ್ಡು ಬಾಕ್ಸುಗಳ ಮುಂದೆ ಗೆರೆ ಎಳೆಯುತ್ತಾನೆ. ನಾನು ಕಂಡ ಹೆಚ್ಚಿನ ಕೇಸುಗಳು ಇಷ್ಟಕ್ಕೇ ಮುಗಿಯುತ್ತಿದ್ದವು. ಕ್ಲೇಮು ಪೂರ್ತಿ ತಿರಸ್ಕಾರ ಆಗುವುದಿಲ್ಲ, ಮೊತ್ತ ಕಡಿತ ಆಗುತ್ತದೆ.

ಪೂರ್ತಿ ತಿರಸ್ಕಾರದ ಮಾತು ಬರುವುದು ಹಾಕಿಸಿದ ವಸ್ತುವೇ ನಷ್ಟಕ್ಕೆ ಕಾರಣವಾದಾಗ. ಇಲ್ಲಿ ನಿಮ್ಮ ಲೈಟಿನ ಬಗ್ಗೆ ಸ್ವಲ್ಪ ಖಾರವಾಗಿ ಹೇಳಬೇಕು. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಹೆಡ್‌ಲೈಟಿನ ವೈರು ಕತ್ತರಿಸಿ, ಎರಡು ಸುತ್ತು ಟೇಪು ಸುತ್ತಿ ಕೊಡುತ್ತಾನಲ್ಲ, ನಮ್ಮ ಮಳೆಗೆ ಆ ಟೇಪು ಒಂದು ಮಳೆಗಾಲ ತಡೆಯುವುದಿಲ್ಲ. ಅಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತಿದರೆ ಕಂಪನಿ ಸುಮ್ಮನೆ ಕೂರುವುದಿಲ್ಲ. ಬೇರೆ ರಿಲೇ, ಬೇರೆ ಫ್ಯೂಸ್, ಕಪ್ಲರ್ ಹಾಕಿಸಿ ಬಿಲ್ಲು ತೆಗೆದುಕೊಳ್ಳಿ. ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ತಗ್ಗಿಸಿ ಕಟ್ಟಿಸಿ. ಇಲ್ಲದಿದ್ದರೆ ಪೊಲೀಸರ ದಂಡ ಬೇರೆ.

ತಿಳಿಸುವುದು ಹೇಗೆ? ಏಜೆಂಟರಿಗೆ ಫೋನಿನಲ್ಲಿ ಹೇಳಿ "ಆಯ್ತು ಸರ್" ಅನ್ನಿಸಿಕೊಂಡರೆ ಹೇಳಿದಂತಾಗುವುದಿಲ್ಲ. ಪಾಲಿಸಿ ನಂಬರ್ ಬರೆದು ಕಂಪನಿಗೆ ಇಮೇಲ್ ಅಥವಾ ಪತ್ರ ಕೊಡಿ. ಬಿಲ್ಲು, ನಾಲ್ಕೂ ಕಡೆಯ ಫೋಟೋ ಸೇರಿಸಿ. ಅವರು ಗಾಡಿ ನೋಡಬೇಕು ಎನ್ನಬಹುದು, ತೋರಿಸಿ. ಉಳಿದ ತಿಂಗಳುಗಳಿಗೆ ಮಾತ್ರ ಹೆಚ್ಚುವರಿ ಪ್ರೀಮಿಯಂ ಕಟ್ಟಿಸಿಕೊಂಡು ಎಂಡಾರ್ಸ್‌ಮೆಂಟ್ ಎಂಬ ಹಾಳೆ, ಅಂದರೆ ಪಾಲಿಸಿಯಲ್ಲಿ ಆದ ಬದಲಾವಣೆಯ ದಾಖಲೆ, ಕೊಡುತ್ತಾರೆ. ಆ ಹಾಳೆ ಕೈಗೆ ಬಂದ ಮೇಲೆ ಕೆಲಸ ಮುಗಿಯಿತು. ಮುಂದಿನ ವರ್ಷ ಆನ್‌ಲೈನಿನಲ್ಲಿ ನವೀಕರಿಸುವಾಗ "ಅಕ್ಸೆಸರಿ ಇದೆಯೇ" ಎಂಬ ಜಾಗದಲ್ಲಿ ಮೊದಲೇ "ಇಲ್ಲ" ಎಂದು ಗುರುತಾಗಿರಬಹುದು. ಅಲ್ಲಿ ಒಂದು ಕ್ಷಣ ನಿಲ್ಲಿ. ಎಂಡಾರ್ಸ್‌ಮೆಂಟ್ ಮಾಡಿಸಿದವರೂ ಅಲ್ಲಿ ಮುಗ್ಗರಿಸುತ್ತಾರೆ.

ಅಷ್ಟಾದರೂ ಪೂರ್ತಿ ಬೆಲೆ ಸಿಗುತ್ತದೆ ಎಂದುಕೊಳ್ಳಬೇಡಿ. ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಕಡಿತ. ಲೋಹಕ್ಕೆ ಗಾಡಿಯ ವಯಸ್ಸಿನ ಮೇಲೆ, ನಿಮ್ಮ ಬೈಕಿಗೆ ಈಗ ನೂರಕ್ಕೆ 10. ತುಕ್ಕಿಗೆ ಏನೂ ಇಲ್ಲ. ಕರಾವಳಿಯವರು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ, ಆದರೆ ಉಪ್ಪುಗಾಳಿಗೆ ಕ್ರ್ಯಾಶ್ ಗಾರ್ಡು ಕೊರೆದುಹೋದರೆ ಅದು ಸವಕಳಿ, ಅಪಘಾತ ಅಲ್ಲ. ಒಳ್ಳೆಯ ಸುದ್ದಿ ಒಂದಿದೆ: ನಿಮ್ಮ ಗಾಡಿಯ ಹಾನಿಯೂ ಸೇರಿರುವ ಪ್ಯಾಕೇಜ್ ಪಾಲಿಸಿಯಲ್ಲಿ ಗುಡ್ಡ ಕುಸಿತವನ್ನು ಹೆಸರಿಸಿಯೇ ಸೇರಿಸಿದ್ದಾರೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆದದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಅದು ಸಣ್ಣ ವಿಷಯ ಅಲ್ಲ.

ಇನ್ನು, ಬೋಲ್ಟು ಬಿಚ್ಚಿದರೆ ಹೊರಬರುವ ಬಾಕ್ಸು, ಗಾರ್ಡಿಗೆ ಆರ್‌ಟಿಒ ಕಚೇರಿಗೆ ಓಡಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ಮಾರ್ಪಾಡನ್ನು.

ಪ್ರಶ್ನೆ: ಬುಲೆಟ್‌ಗೆ ಸೌಂಡ್ ಬರುವ ಸೈಲೆನ್ಸರ್, ಚಿಕ್ಕ ಹ್ಯಾಂಡಲ್ ಹಾಕಿಸಿದ್ದೇನೆ. ಸೀರೆ ಗಾರ್ಡ್, ಹಿಂದಿನ ಮಡ್‌ಗಾರ್ಡ್ ತೆಗೆಸಿದ್ದೇನೆ. ವಿಮೆ ಕಂಪನಿಗೆ ಬರೆದು ತಿಳಿಸಿದರೆ ಎಲ್ಲ ಸರಿಹೋಗುತ್ತದಾ? ಅಥವಾ ಅಪಘಾತ ಆದರೆ ಹಳೆಯದನ್ನೇ ತಿರುಗಿ ಹಾಕಿ ಸರ್ವೇಗೆ ಕೊಡಬಹುದಾ? — ಹೆಸರು ಬೇಡ, ಅಂಕೋಲಾ

ಹೆಸರು ಬೇಡ ಅಂದದ್ದು ಒಳ್ಳೆಯದೇ ಆಯಿತು.

ವಿಮೆಯ ಬಾಗಿಲು ಬೇರೆ, ಆರ್‌ಟಿಒ ಬಾಗಿಲು ಬೇರೆ. ಕಾನೂನು ಒಪ್ಪದ ಸೈಲೆನ್ಸರನ್ನು ನೀವು ವಿಮಾ ಕಂಪನಿಗೆ ನೂರು ಸಲ ಬರೆದು ತಿಳಿಸಿದರೂ ಅದು ಕಾನೂನುಬದ್ಧ ಆಗುವುದಿಲ್ಲ. ಕಂಪನಿಯೂ ಅದಕ್ಕೆ ಎಂಡಾರ್ಸ್‌ಮೆಂಟ್ ಕೊಡುವುದಿಲ್ಲ. ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದೊಂದಕ್ಕೂ ಎಂಬುದನ್ನು ಗಮನಿಸಿ. ಶಬ್ದಕ್ಕೆ 190ನೇ ಕಲಂ ಬೇರೆ ಇದೆ.

ಸೀರೆ ಗಾರ್ಡಿನ ವಿಷಯಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಕ್ಕದಿರಲಿ ಎಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 123ನೇ ನಿಯಮವೇ ಇದೆ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿ ಇರಬೇಕು. ಚಂದ ಕಾಣುವುದಿಲ್ಲ ಅಂತ ಕಿತ್ತು ಹಾಕುತ್ತೀರಿ. ಆಮೇಲೆ ಅಮ್ಮನನ್ನೋ ಅಕ್ಕನನ್ನೋ ಹಿಂದೆ ಕೂರಿಸಿಕೊಂಡು ಬಂಡಿಹಬ್ಬಕ್ಕೆ ಹೋಗುತ್ತೀರಿ. ಹೊಸದಾಗಿ ಹಾಕಿಸಿದ್ದು ಮಾತ್ರ ಮಾರ್ಪಾಡಲ್ಲ, ತೆಗೆಸಿದ್ದೂ ಮಾರ್ಪಾಡೇ.

ಹಳೆಯದನ್ನು ತಿರುಗಿ ಹಾಕುವ ಉಪಾಯ ನಿಮಗೊಬ್ಬರಿಗೇ ಹೊಳೆದದ್ದಲ್ಲ. ಮಸಿ ಹಿಡಿದ ಇಂಜಿನ್ನಿಗೆ ಹೊಳೆಯುವ ಸೈಲೆನ್ಸರ್, ಹೊಸ ಸ್ಪ್ಯಾನರ್ ಗುರುತಿನ ಬೋಲ್ಟು, ಬಗ್ಗಿದ ಫೋರ್ಕಿನ ಮೇಲೆ ನೆಟ್ಟಗಿರುವ ಹ್ಯಾಂಡಲ್. ಇದನ್ನು ನೋಡಲು ಕನ್ನಡಕ ಬೇಡ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರ ಪಂಚನಾಮೆ, ಫೋಟೋ ಇರುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ವರದಿಯೂ ಇರುತ್ತದೆ. ಇದ್ದದ್ದನ್ನು ಇದ್ದ ಹಾಗೇ ತೋರಿಸಿದ್ದರೆ ಸೈಲೆನ್ಸರಿನ ದುಡ್ಡು ಮಾತ್ರ ಹೋಗುತ್ತಿತ್ತು. ಹಳೆಯದನ್ನು ಹಾಕಿ ತೋರಿಸಿದರೆ ಸುಳ್ಳು ಕ್ಲೇಮು ಎಂದು ಪೂರ್ತಿ ಹೋಗುತ್ತದೆ.

ಎದುರಿನವರಿಗೆ ಪೆಟ್ಟಾದರೆ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಗಾಯಗೊಂಡವರಿಗೆ ಪರಿಹಾರ ಸಿಗುವಂತೆ ಕೋರ್ಟು ನೋಡುತ್ತದೆ. ಆದರೆ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಹೇಳಿದ ಆದೇಶಗಳು ಬೇಕಾದಷ್ಟಿವೆ. ಆ ವಸೂಲಿ ಲಕ್ಷಗಳಲ್ಲಿ ಬರುತ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ಬೀಚಿನ ಹತ್ತಿರ ನಿಲ್ಲಿಸಿದ್ದ ಬೈಕಿನಿಂದ ಎರಡು ಲೈಟು, ಒಂದು ಬ್ಯಾಗು ಕದ್ದರು. ಇವು ಪಾಲಿಸಿಯಲ್ಲಿ ಸೇರಿದ್ದವು. ಆದರೂ ಕೊಡುವುದಿಲ್ಲ ಅಂದರು. — ಹೊನ್ನಾವರದ ಓದುಗ

ಬೇಸರದ ಸಂಗತಿ, ಆದರೆ ಅವರು ಹೇಳಿದ್ದು ಪಾಲಿಸಿಯಲ್ಲಿ ಇರುವ ಮಾತೇ. ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಅಕ್ಸೆಸರಿ ಮಾತ್ರ ಕಳವಾದರೆ ಪರಿಹಾರ ಇಲ್ಲ. ಅದರ ಜೊತೆ ಬೈಕೂ ಕಳವಾಗಿರಬೇಕು. ಓದಿದರೆ ನಗು ಬರುತ್ತದೆ, ಆದರೆ ಇದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಈ ಅಂತರ ತುಂಬಿಸಿಕೊಳ್ಳುವ ಎಂಡಾರ್ಸ್‌ಮೆಂಟ್ ಕೂಡ ಟಾರಿಫ್‌ನಲ್ಲಿದೆ. ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಮುಂದಿನ ನವೀಕರಣದಲ್ಲಿ ಕೇಳಿ. ಬ್ಯಾಗನ್ನಂತೂ ಬಿಚ್ಚಿ ರೂಮಿಗೆ ಒಯ್ಯಿರಿ ಮಾರಾಯ್ರೆ.

ಪ್ರಶ್ನೆ: ನಾನು ಕಾರವಾರದಲ್ಲಿ ಮೀನು ವ್ಯಾಪಾರಿ. ಎಕ್ಸ್‌ಎಲ್ ಗಾಡಿಯ ಹಿಂದೆ ಕಬ್ಬಿಣದ ಫ್ರೇಮ್ ವೆಲ್ಡ್ ಮಾಡಿಸಿ ದೊಡ್ಡ ಬಾಕ್ಸ್ ಇಟ್ಟಿದ್ದೇನೆ. ಬೆಳಿಗ್ಗೆ ಬೈತಖೋಲ ಬಂದರಿನಲ್ಲಿ ಮೀನು ತಗೊಂಡು ಕದ್ರಾ ಕಡೆ ಮನೆಮನೆಗೆ ಕೊಡುತ್ತೇನೆ. ಫ್ರೇಮಿನ ಬಗ್ಗೆ ವಿಮೆಗೆ ಹೇಳಬೇಕಾ? — ಕಾರವಾರ

ಈ ಸಲದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು. ನೀವು ಕೇಳಿದ್ದು ಫ್ರೇಮಿನ ಬಗ್ಗೆ, ಆದರೆ ನಿಮ್ಮ ತೊಂದರೆ ಮೀನಿನದ್ದು.

ಖಾಸಗಿ ದ್ವಿಚಕ್ರ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂದು ಒಂದು ಪ್ಯಾರಾ ಇರುತ್ತದೆ. ಬಾಡಿಗೆಗೆ ಕೊಡುವುದು, ರೇಸು, ವೇಗದ ಪರೀಕ್ಷೆ ಇವುಗಳ ಜೊತೆಗೆ, ಸ್ಯಾಂಪಲ್ ಮತ್ತು ಸ್ವಂತ ಸಾಮಾನು ಬಿಟ್ಟು ಬೇರೆ ಸರಕು ಸಾಗಿಸುವುದನ್ನೂ ಅದು ಹೊರಗಿಡುತ್ತದೆ. ಮಾರಾಟದ ಮೀನು ಸ್ವಂತ ಸಾಮಾನು ಎಂದು ಒಪ್ಪಿಸುವುದು ಕಷ್ಟ. ಹಾಲು, ಗ್ಯಾಸ್ ಸಿಲಿಂಡರ್, ತರಕಾರಿ ಹೊರುವ ನಮ್ಮ ಕರಾವಳಿಯ ಅರ್ಧ ಗಾಡಿಗಳು ಈ ಪ್ಯಾರಾದಲ್ಲಿ ಸಿಕ್ಕಿಬೀಳುತ್ತವೆ. ಈ ಷರತ್ತು ಬರೆದವರು ಬೆಳಿಗ್ಗೆ ಐದಕ್ಕೆ ಬಂದರಿಗೆ ಬಂದು ನೋಡಿದವರಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕ್ಲೇಮಿನ ದಿನ ನನ್ನ ಅಭಿಪ್ರಾಯ ನಡೆಯುವುದಿಲ್ಲ.

ಹಾಗಾಗಿ ಕಂಪನಿಗೆ ಬರೆಯುವಾಗ ಬಾಕ್ಸಿನ ಬೆಲೆ ಮಾತ್ರ ಬರೆಯಬೇಡಿ. "ಈ ಗಾಡಿಯಲ್ಲಿ ಮೀನು ಮಾರುತ್ತೇನೆ, ಇದಕ್ಕೆ ವಿಮೆ ಅನ್ವಯಿಸುತ್ತದೆಯೇ, ಇಲ್ಲದಿದ್ದರೆ ಯಾವ ಪಾಲಿಸಿ ಬೇಕು" ಎಂದು ನೇರವಾಗಿ ಕೇಳಿ. ಉತ್ತರ ಬರಹದಲ್ಲೇ ಬೇಕು ಅನ್ನಿ. ಒಂದು ಕಂಪನಿ ಆಗುವುದಿಲ್ಲ ಎಂದರೆ ಇನ್ನೊಂದನ್ನು ಕೇಳಿ. ವೆಲ್ಡ್ ಮಾಡಿದ ಫ್ರೇಮು ಇಂಡಿಕೇಟರ್ ಅಥವಾ ನಂಬರ್ ಪ್ಲೇಟ್ ಮುಚ್ಚುತ್ತಿದ್ದರೆ ಈ ವಾರವೇ ಸರಿಮಾಡಿಸಿ. ಸಾಧ್ಯವಾದರೆ ವೆಲ್ಡಿಂಗ್ ಬದಲು ಬೋಲ್ಟ್ ಹಾಕಿಸಿ. ಚಾಸಿಗೆ ವೆಲ್ಡ್ ಮಾಡುವುದು ಆರ್‌ಟಿಒ ದೃಷ್ಟಿಯಲ್ಲಿ ಬೇರೆಯೇ ವಿಷಯ.

ಪ್ರಶ್ನೆ: ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಒಂದು ಕಾಲು ಸ್ವಾಧೀನ ಇಲ್ಲ. ಸ್ಕೂಟರಿಗೆ ಪಕ್ಕದ ಎರಡು ಚಕ್ರ ಹಾಕಿಸಬೇಕು. ವಿಮೆ ದುಬಾರಿ ಆಗುತ್ತದೆಯೇ? — ಕುಮಟಾದ ಓದುಗಿ

ಇಲ್ಲಮ್ಮ, ಕಡಿಮೆ ಆಗುತ್ತದೆ! ಅಂಗವಿಕಲರಿಗಾಗಿ ಮಾರ್ಪಡಿಸಿದ ಗಾಡಿಗೆ ಟಾರಿಫ್ ಪ್ರಕಾರ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅರ್ಧದಷ್ಟು ರಿಯಾಯಿತಿ ಇದೆ. ಎಷ್ಟೋ ಏಜೆಂಟರಿಗೇ ಇದು ಗೊತ್ತಿಲ್ಲ. ಷರತ್ತು ಒಂದೇ: ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಿರಬೇಕು. ಮೊದಲು ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು ಅನುಮತಿ ತೆಗೆದುಕೊಳ್ಳಿ, ಆಮೇಲೆ ಚಕ್ರ ಹಾಕಿಸಿ, ಗಾಡಿ ತೋರಿಸಿ ಆರ್‌ಸಿ ತಿದ್ದಿಸಿ. ಆ ಆರ್‌ಸಿ ಪ್ರತಿ ಮತ್ತು ಚಕ್ರದ ಬಿಲ್ಲು ಕಂಪನಿಗೆ ಕೊಡಿ. ಅಪ್ಪನ ಲೈಸೆನ್ಸೂ ಇಂಥ ಗಾಡಿಗೆ ಹೊಂದುವ ಹಾಗೆ ಬದಲಾಗಬೇಕು. ಅದನ್ನು ಮರೆತರೆ ಉಳಿದದ್ದೆಲ್ಲ ಮಾಡಿಯೂ ವ್ಯರ್ಥ.

ಪ್ರಶ್ನೆ: ನನ್ನ ಬಳಿ ಆರ್‌ಎಕ್ಸ್ 100 ಇದೆ. ಇಂಜಿನ್ ಕೆಲಸ, ಹೊಸ ಬಣ್ಣ ಎಲ್ಲ ಸೇರಿ ಲಕ್ಷ ದಾಟಿದೆ. ಇಷ್ಟಕ್ಕೂ ವಿಮೆ ಸಿಗುತ್ತದಾ? ವಿಂಟೇಜ್ ಅಂತ ಮಾಡಿಸಬಹುದಾ? — ಯಲ್ಲಾಪುರ

ವಿಂಟೇಜ್ ಆಗಲು 2021ರ ನಿಯಮದ ಪ್ರಕಾರ 50 ವರ್ಷ ತುಂಬಿರಬೇಕು. 1985ರಲ್ಲಿ ಬಂದ ಮೊದಲ ಆರ್‌ಎಕ್ಸ್‌ಗೂ 2035 ಬರಬೇಕು. ಇಂಜಿನ್ನನ್ನು ಹೆಚ್ಚು ಬದಲಿಸಿದ್ದರೆ ಆಗಲೂ ಕಷ್ಟ.

ಐದು ವರ್ಷ ದಾಟಿದ ಗಾಡಿಯ ಬೆಲೆ ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡಷ್ಟು. ನೀವು ಲಕ್ಷ ಅನ್ನುತ್ತೀರಿ, ಅವರು ಹಳೆ ಕಬ್ಬಿಣದ ಬೆಲೆ ಅನ್ನುತ್ತಾರೆ. ಹೆಚ್ಚಿನವರು ಕೊನೆಗೆ ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗೆ ಆದ ಹಾನಿಯ ವಿಮೆ ಮಾತ್ರ ಮಾಡಿಸುತ್ತಾರೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿ ಗಾಡಿಗೆ ಅದು ವರ್ಷಕ್ಕೆ 714 ರೂಪಾಯಿ. ಅದರಲ್ಲಿ ನಿಮ್ಮ ಬಣ್ಣಕ್ಕೆ, ಕ್ರೋಮಿಗೆ ಬಿಡಿಕಾಸೂ ಇಲ್ಲ. ಬಣ್ಣ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗಿದ್ದರೆ, ಇಂಜಿನ್ನೇ ಬದಲಾಗಿದ್ದರೆ, ಆರ್‌ಟಿಒದಲ್ಲಿ ಬರೆಸಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ಆಗ ಇದೆಲ್ಲ ಹೇಗೂ ಹೊರಬೀಳುತ್ತದೆ.

ಪ್ರಶ್ನೆ: ಕಂಪನಿಗೆ ಮೊದಲೇ ತಿಳಿಸಿದ್ದ ಅಕ್ಸೆಸರಿಯದ್ದೂ ಸೇರಿ ಕ್ಲೇಮು ಪೂರ್ತಿ ತಿರಸ್ಕರಿಸಿದ್ದಾರೆ. "ವಾಹನ ಮಾರ್ಪಡಿಸಲಾಗಿದೆ" ಎಂದು ಒಂದೇ ಸಾಲಿನ ಪತ್ರ. ಏನು ಮಾಡಲಿ? — ಭಟ್ಕಳ

ಒಂದು ಸಾಲಿನ ಪತ್ರಕ್ಕೆ ಹೆದರಬೇಡಿ. ಯಾವ ಮಾರ್ಪಾಡು, ಪಾಲಿಸಿಯ ಯಾವ ಷರತ್ತು, ಅದು ಈ ಅಪಘಾತಕ್ಕೆ ಹೇಗೆ ಕಾರಣ, ಈ ಮೂರನ್ನೂ ಬರೆದು ಕೇಳಿ. ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸಿದ ಪ್ರಕರಣ ಒಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ, ಷರತ್ತು ಮುರಿದಿದ್ದರೂ ಪೂರ್ತಿ ತಳ್ಳಿಹಾಕಬೇಡಿ, ನಾನ್ ಸ್ಟ್ಯಾಂಡರ್ಡ್ ಆಧಾರದಲ್ಲಿ, ಅಂದರೆ ಒಂದಷ್ಟು ಕಡಿತ ಮಾಡಿ, ಇತ್ಯರ್ಥ ಮಾಡಿ ಎಂದಿತ್ತು. ಆ ಲೆಕ್ಕದಲ್ಲಿ ಒಪ್ಪಬಹುದಾದ ಮೊತ್ತದ ನೂರಕ್ಕೆ 75ರವರೆಗೆ ಸಿಗಬಹುದು. ನಿಮ್ಮದು ಹೇಳಿಯೇ ಹಾಕಿಸಿದ್ದು, ನಿಮ್ಮ ಪಟ್ಟು ಇನ್ನೂ ಗಟ್ಟಿ.

ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ವಿಮೆಯ ದೂರುಗಳನ್ನು ಬಗೆಹರಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. 50 ಲಕ್ಷದವರೆಗಿನ ದೂರು ನೋಡುತ್ತಾರೆ, ಶುಲ್ಕ ಇಲ್ಲ, ವಕೀಲರು ಬೇಡ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದು ಬೇಡವೆಂದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಎರಡೂ ಕಡೆ ಒಟ್ಟಿಗೇ ಹೋಗಲು ಆಗುವುದಿಲ್ಲ. ಗಾಡಿಯನ್ನು ರಿಪೇರಿ ಮಾಡಿಸುವ ಮೊದಲು ಒಡೆದ ಭಾಗಗಳ ಫೋಟೋ ತೆಗೆದಿಡಿ, ಹಳೆಯ ಭಾಗಗಳನ್ನು ಗುಜರಿಗೆ ಹಾಕಬೇಡಿ. ಎಂಡಾರ್ಸ್‌ಮೆಂಟ್ ಹಾಳೆಯ ಪ್ರತಿಯನ್ನು ನನಗೂ ಕಳಿಸಿ, ಅದರಲ್ಲಿ ಏನು ಬರೆದಿದ್ದಾರೆ ಎಂದು ನೋಡಿ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.